ಎರಡರ ಮೇಲೂ .22 ಎಂದಿದ್ದರೆ ಸಾಕೇ?

ಪ್ರಶ್ನೆ: 25 ಮೀಟರ್ ಸ್ಪೋರ್ಟ್ ಪಿಸ್ತೂಲ್ ಅಭ್ಯಾಸ ಈಗಷ್ಟೇ ಶುರು ಮಾಡಿದ್ದೇನೆ. ಪಿಸ್ತೂಲಿನ ಮೇಲೂ .22 ಎಂದಿದೆ, ಕಾಡತೂಸಿನ ಡಬ್ಬಿಯ ಮೇಲೂ .22 ಎಂದಿದೆ. ಯಾವುದನ್ನು ಬೇಕಾದರೂ ಹಾಕಬಹುದಲ್ಲವೇ?

ಬೇಡ, ದಯವಿಟ್ಟು ಹಾಕಬೇಡಿ. .22 ಎಂಬುದು ಗುಂಡಿನ ದಪ್ಪದ ಲೆಕ್ಕ, ಇಂಚಿನಲ್ಲಿ; ಸುಮಾರು 5.6 ಮಿ.ಮೀ. ಅಷ್ಟೇ. ಕಾಡತೂಸಿನ ಉದ್ದ, ಅದರೊಳಗಿನ ಮದ್ದಿನ ಜೋರು ಯಾವುದನ್ನೂ ಅದು ಹೇಳುವುದಿಲ್ಲ. ನಳಿಗೆಯ ಮೇಲೆ ಪೂರ್ತಿ ಏನು ಕೆತ್ತಿದೆ ಎಂದು ಓದಿ. ಇಂದಿನ ಸ್ಪೋರ್ಟ್ ಪಿಸ್ತೂಲುಗಳಲ್ಲಿ ಅದು '.22 ಲಾಂಗ್ ರೈಫಲ್' ಆಗಿರುತ್ತದೆ. ಹೆಸರಿನಲ್ಲಿ ರೈಫಲ್ ಇದೆಯೆಂದು ಗಾಬರಿಯಾಗಬೇಡಿ, 1887ರಿಂದ ಬಂದ ಹೆಸರು ಅದು.

ಅದಕ್ಕಿಂತ 30 ವರ್ಷ ಹಳೆಯದು .22 ಶಾರ್ಟ್. ಎರಡರ ಕೋಶವೂ (ಮದ್ದು ತುಂಬಿದ ಲೋಹದ ಚಿಪ್ಪು) ಒಂದೇ ದಪ್ಪ, ಶಾರ್ಟ್‌ನದು ಗಿಡ್ಡ. ಹಾಗಾಗಿ ಅದು ಲಾಂಗ್ ರೈಫಲ್ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂದೆ ಕಾಡತೂಸು ಕೂರುವ ಗೂಡಿನಲ್ಲಿ, ಸಲೀಸಾಗಿ ಕೂರುತ್ತದೆ. ಆದರೆ ಅರೆಸ್ವಯಂಚಾಲಿತ ಪಿಸ್ತೂಲಿನ ಬೋಲ್ಟನ್ನು (ಚೇಂಬರಿನ ಹಿಂಬದಿ ಮುಚ್ಚುವ, ಹಿಂದೆ ಮುಂದೆ ಜಾರುವ ಭಾಗ) ಪೂರ್ತಿ ಹಿಂದಕ್ಕೆ ತಳ್ಳುವ ಬಲ ಅದಕ್ಕಿರುವುದಿಲ್ಲ. ಪದೇ ಪದೇ ಹಾರಿಸಿದರೆ ಚೇಂಬರಿನ ಮುಂಭಾಗದಲ್ಲಿ ಮಸಿ ಕಟ್ಟಿ, ಆಮೇಲೆ ಸರಿಯಾದ ಕಾಡತೂಸೇ ಸಿಕ್ಕಿಕೊಳ್ಳುತ್ತದೆ. ಹಳೆಯ ರ‍್ಯಾಪಿಡ್ ಫೈರ್ (ಕೆಲವೇ ಸೆಕೆಂಡುಗಳಲ್ಲಿ ಸರಸರನೆ ಗುಂಡು ಹಾರಿಸುವ ಸ್ಪರ್ಧೆ) ಪಿಸ್ತೂಲನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. 2004ರ ಅಥೆನ್ಸ್ ಒಲಿಂಪಿಕ್ಸ್‌ವರೆಗೆ ಆ ಸ್ಪರ್ಧೆ ನಡೆದದ್ದು ಶಾರ್ಟ್‌ನಲ್ಲೇ. ಆ ಪಿಸ್ತೂಲುಗಳಿಗೆ ಲಾಂಗ್ ರೈಫಲ್ ಹಿಡಿಸುವುದಿಲ್ಲ.

.22 ಮ್ಯಾಗ್ನಂನ ಕೋಶವೇ ದಪ್ಪ. ಮ್ಯಾಗ್ನಂ ಚೇಂಬರಿಗೆ ಲಾಂಗ್ ರೈಫಲ್ ಹಾಕಿದರೆ ಸಡಿಲವಾಗಿ ಕೂತು, ಕೋಶ ಸೀಳಿ, ಬಿಸಿ ಅನಿಲ ಹಿಂದಕ್ಕೆ, ನಿಮ್ಮ ಮುಖದತ್ತ ನುಗ್ಗಬಹುದು.

ಇನ್ನು, ಲಾಂಗ್ ರೈಫಲ್ ಎಂದೇ ಬರೆದಿರುವ ಡಬ್ಬಿಗಳಲ್ಲೂ ಭೇದವಿದೆ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡಿನ ವೇಗ ಸೆಕೆಂಡಿಗೆ ಸುಮಾರು 325 ಮೀಟರ್, ಶಬ್ದದ ವೇಗಕ್ಕಿಂತ ತುಸು ಕಡಿಮೆ. ಹೈ ವೆಲಾಸಿಟಿಯದು ಸುಮಾರು 380. ಅಳತೆಯಲ್ಲಿ ಎರಡೂ ಒಂದೇ, ಎರಡೂ ಹಾರುತ್ತವೆ. ಆದರೆ ಈ ಪಿಸ್ತೂಲುಗಳ ಬೋಲ್ಟಿಗೆ ಅಗುಳಿಯಿಲ್ಲ. ಗುಂಡು ಹಾರುವಾಗ ಅದನ್ನು ತಡೆದು ಹಿಡಿಯುವುದು ಅದರದೇ ತೂಕ ಮತ್ತು ಹಿಂದಿನ ಸ್ಪ್ರಿಂಗ್. ಗುರಿ ಪಿಸ್ತೂಲುಗಳಲ್ಲಿ ಈ ಎರಡನ್ನೂ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಹೊಡೆತಕ್ಕೆ ಹೊಂದಿಸಿರುತ್ತಾರೆ. ಅದಕ್ಕಿಂತ ಜೋರಿನದನ್ನು ಹಾಕಿದರೆ ಬೋಲ್ಟ್ ಪ್ರತಿ ಸಲವೂ ಹಿಂದಕ್ಕೆ ಅಪ್ಪಳಿಸಿ ಬಿಡಿಭಾಗಗಳು ಬೇಗ ಸವೆಯುತ್ತವೆ, ಬಿರುಕೂ ಬಿಡಬಹುದು. ಗುರಿಗೆ ಅದರಿಂದ ಏನೂ ಲಾಭವಿಲ್ಲ. 25 ಮೀಟರಿನಲ್ಲಿ ಕಾಗದ ತೂತು ಮಾಡಲು ಆ ವೇಗ ಏಕೆ ಬೇಕು?

ಮುಂದೆ .32 ಸೆಂಟರ್ ಫೈರ್‌ಗೆ (ಕೋಶದ ತಳದ ನಡುಭಾಗಕ್ಕೆ ಬಡಿದು ಹಾರಿಸುವ, ಇನ್ನೂ ದಪ್ಪ ಕಾಡತೂಸು) ಹೋದಾಗ ಇದೇ ತೊಡಕು ಬೇರೆ ರೂಪದಲ್ಲಿ ಎದುರಾಗುತ್ತದೆ. ಅಲ್ಲಿನ ಗುರಿ ಪಿಸ್ತೂಲುಗಳ ಮ್ಯಾಗಜೀನು ಚಪ್ಪಟೆ ಮೂತಿಯ, ಕೋಶದ ಬಾಯಿಗೆ ಸಮನಾಗಿ ಕೂತ ವಾಡ್‌ಕಟರ್ ಗುಂಡಿಗೆಂದೇ ಮಾಡಿದ್ದು. ರಿವಾಲ್ವರಿನ ದುಂಡು ಮೂತಿಯ .32 ಅದರಲ್ಲಿ ಹಿಡಿಸುವುದಿಲ್ಲ.

ಸರಿಯಾದ ಕಾಡತೂಸೇ ಆದರೂ ಒಮ್ಮೊಮ್ಮೆ 'ಢಂ' ಬದಲು 'ಪುಸ್' ಎಂದೀತು. ಆಗ ಮುಂದಿನ ಗುಂಡು ಹಾರಿಸಲೇಬೇಡಿ. ಪಿಸ್ತೂಲನ್ನು ಗುರಿಯತ್ತಲೇ ಹಿಡಿದು ರೇಂಜ್ ಅಧಿಕಾರಿಯನ್ನು ಕರೆಯಿರಿ. ಗುಂಡು ನಳಿಗೆಯಲ್ಲೇ ನಿಂತಿರಬಹುದು.