ಶ್ರೀಮಂತರಾದ ಮೇಲೆ ಇಂಗಾಲ ತಾನಾಗಿ ಇಳಿಯುತ್ತದಾ?

ಮೊದಲು ದುಡ್ಡು ಮಾಡೋಣ, ಗಾಳಿ ಆಮೇಲೆ ನೋಡಿಕೊಳ್ಳೋಣ. ಈ ವಾದದ ಹಿಂದೆ ಒಂದು ಗುಡ್ಡದ ಆಕಾರದ ಗ್ರಾಫ್ ಇದೆ: ಆದಾಯ ಏರಿದಂತೆ ಮಾಲಿನ್ಯ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಮಜಾ ಅಂದ್ರೆ, ಆ ಗ್ರಾಫ್ ಹುಟ್ಟಿದ್ದು ಮಾಲಿನ್ಯದ ಲೆಕ್ಕದಿಂದಲ್ಲ, ಬಡವ-ಬಲ್ಲಿದರ ಅಂತರದ ಲೆಕ್ಕದಿಂದ.

1955ರಲ್ಲಿ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್, ದೇಶ ಬೆಳೆಯುತ್ತಾ ಹೋದಂತೆ ಅಸಮಾನತೆ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ ಎಂದರು. ಇದರಲ್ಲಿ ಶೇ 95ರಷ್ಟು ಊಹೆ ಎಂದು ಅವರೇ ಬರೆದಿದ್ದರು, ಅದನ್ನು ಮಾತ್ರ ಎಲ್ಲರೂ ಮರೆತರು. 1991ರಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಅಲನ್ ಕ್ರೂಗರ್ ನಗರಗಳ ಹೊಗೆ, ಸಲ್ಫರ್ ಡೈಆಕ್ಸೈಡ್ ಲೆಕ್ಕ ಹಾಕಿದಾಗಲೂ ಅದೇ ಗುಡ್ಡ ಸಿಕ್ಕಿತು. ಸರಿ, ಹೊಗೆ ಕಣ್ಣು ಉರಿಸುತ್ತದೆ, ಜನ ಗಲಾಟೆ ಮಾಡುತ್ತಾರೆ, ಸರ್ಕಾರ ಕಾನೂನು ತರುತ್ತದೆ. ಆದರೆ ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇಲ್ಲಿ ಬಿಟ್ಟಿದ್ದು ಇಡೀ ಭೂಮಿಗೆ ಹಂಚಿಹೋಗುತ್ತದೆ. ಅದಕ್ಕಾಗಿ ಯಾರು ಬೀದಿಗೆ ಇಳಿಯುತ್ತಾರೆ?

ಇಲ್ಲಿ ಅಸಮಾನತೆ ಮತ್ತೆ ಬರುತ್ತದೆ. 1994ರಲ್ಲಿ ಅರ್ಥಶಾಸ್ತ್ರಜ್ಞ ಜೇಮ್ಸ್ ಬಾಯ್ಸ್ ನೇರವಾಗಿ ಕೇಳಿದರು: ಮಾಲಿನ್ಯದಿಂದ ಲಾಭ ಯಾರಿಗೆ, ನಷ್ಟ ಯಾರಿಗೆ? ಲಾಭ ಪಡೆಯುವವರ ಕೈಯಲ್ಲೇ ಅಧಿಕಾರವೂ ಇದ್ದರೆ ಮಾಲಿನ್ಯ ಜಾಸ್ತಿಯಾಗುತ್ತದೆ ಎಂಬುದು ಅವರ ವಾದ.

ಹಾಗಾದರೆ ಸಂಪತ್ತು ಹಂಚಿದರೆ ಇಂಗಾಲ ಇಳಿಯಬೇಕು, ಅಲ್ವಾ? ಅಷ್ಟು ಸುಲಭ ಇಲ್ಲ. 2000ದಲ್ಲಿ ಅರ್ಥಶಾಸ್ತ್ರಜ್ಞ ಮಾರ್ಟಿನ್ ರವಾಲಿಯನ್ ಮತ್ತು ಜೊತೆಗಾರರು ಇದಕ್ಕೆ ಉಲ್ಟಾ ಫಲಿತಾಂಶ ತೋರಿಸಿದರು. ಈಗಾಗಲೇ ಎಲ್ಲ ಇರುವವರ ಕೈಗೆ ಇನ್ನೊಂದಿಷ್ಟು ದುಡ್ಡು ಬಂದರೆ ಅದು ಷೇರಿಗೋ ಉಳಿತಾಯಕ್ಕೋ ಹೋಗಬಹುದು, ಆದರೆ ಇಲ್ಲದವರ ಕೈಗೆ ಬಂದರೆ ಅವರು ಫ್ರಿಜ್ ತಗೊಳ್ಳುತ್ತಾರೆ, ಗಾಡಿ ತಗೊಳ್ಳುತ್ತಾರೆ, ಕರೆಂಟ್ ಹಾಕಿಸಿಕೊಳ್ಳುತ್ತಾರೆ, ತಗೊಳ್ಳಬಾರದು ಅಂತ ಹೇಳೋಕೆ ನಾವ್ಯಾರು? 2017ರ ಒಂದು ಅಧ್ಯಯನ ಎರಡೂ ಸರಿ ಎಂಬಂಥ ಉತ್ತರ ಕೊಟ್ಟಿತು: ಕಡಿಮೆ ಆದಾಯದ ದೇಶಗಳಲ್ಲಿ ಅಸಮಾನತೆ ಹೆಚ್ಚಿದ್ದಲ್ಲಿ ಇಂಗಾಲ ಕಡಿಮೆ, ಶ್ರೀಮಂತ ದೇಶಗಳಲ್ಲಿ ಅಸಮಾನತೆ ಹೆಚ್ಚಿದ್ದಲ್ಲಿ ಇಂಗಾಲವೂ ಹೆಚ್ಚು. ಬಡ ದೇಶದ 'ಕಡಿಮೆ'ಯನ್ನು ಸಾಧನೆ ಅಂದುಕೊಳ್ಳಬೇಡಿ. ಅದು ಬರೀ ಬಡತನ. 2015ರಲ್ಲಿ ಬಡತನದ ವಿರುದ್ಧ ಕೆಲಸ ಮಾಡುವ ಸಂಸ್ಥೆ ಆಕ್ಸ್‌ಫ್ಯಾಮ್ ಹಾಕಿದ ಲೆಕ್ಕದ ಪ್ರಕಾರ ಜನರ ಬಳಕೆಯಿಂದ ಬರುವ ಇಂಗಾಲದಲ್ಲಿ ಸುಮಾರು ಅರ್ಧ, ಜಗತ್ತಿನ ಅತಿ ಶ್ರೀಮಂತ ಶೇ 10 ಮಂದಿಯದು.

ಒಳ್ಳೆ ಆಡಳಿತ ಇದ್ದರೆ ಸಾಕು ಅನ್ನುವವರೂ ಇದ್ದಾರೆ. ವಿಶ್ವಬ್ಯಾಂಕಿನ ಆಡಳಿತ ಸೂಚ್ಯಂಕಗಳಲ್ಲಿ ಆಸ್ಟ್ರೇಲಿಯಾ, ಕೆನಡಾ ಸದಾ ಮೇಲಿರುತ್ತವೆ. ತಲಾ ಇಂಗಾಲದಲ್ಲೂ ಮೇಲೇ ಇವೆ. ಕಡಿಮೆ ಲಂಚ ಅಂದ ಮಾತ್ರಕ್ಕೆ ಕಡಿಮೆ ಪೆಟ್ರೋಲ್ ಅಂತ ಏನಿಲ್ಲ.

ನನ್ನ ಪ್ರಕಾರ ಆಡಳಿತದ ನಿಜವಾದ ಪರೀಕ್ಷೆ, ಇಂಗಾಲ ಇಳಿಸುವ ಹೊರೆಯನ್ನು ಯಾರ ತಲೆಗೆ ಕಟ್ಟುತ್ತಾರೆ ಎಂಬುದರಲ್ಲಿದೆ. ಫ್ರಾನ್ಸ್ 2018ರ ಆರಂಭದಲ್ಲಿ ಶ್ರೀಮಂತರ ಸಂಪತ್ತು ತೆರಿಗೆಯ ಬಹುಪಾಲು ತೆಗೆಯಿತು. ಡೀಸೆಲ್ ತೆರಿಗೆ ಏರಿಸುತ್ತಾ ಹೋಯಿತು. ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ ಸಣ್ಣ ಊರುಗಳ ಜನ ನವೆಂಬರ್‌ನಲ್ಲಿ ಹಳದಿ ಜಾಕೆಟ್ ಹಾಕಿ ರಸ್ತೆ ತಡೆದರು. ಡಿಸೆಂಬರ್‌ನಲ್ಲಿ ಸರ್ಕಾರ ಮುಂದಿನ ಏರಿಕೆಯನ್ನು ಕೈಬಿಟ್ಟಿತು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2008ರಲ್ಲಿ ಬೇರೆ ದಾರಿ ಹಿಡಿದಿತ್ತು: ಇಂಗಾಲ ತೆರಿಗೆ ಹಾಕಿ, ಬಂದ ಹಣವನ್ನು ಆದಾಯ ತೆರಿಗೆ ಕಡಿತ ಮತ್ತು ಬಡವರಿಗೆ ನೆರವಿನ ರೂಪದಲ್ಲಿ ವಾಪಸ್ ಕೊಟ್ಟಿತು. ಆ ತೆರಿಗೆ ವರ್ಷಗಟ್ಟಲೆ ಉಳಿಯಿತು, ಆದರೆ ಜೀವನ ದುಬಾರಿಯಾಯಿತೆಂಬ ಕೂಗು ಎದ್ದ ಮೇಲೆ 2025ರ ಏಪ್ರಿಲ್‌ನಲ್ಲಿ ಅಲ್ಲೂ ಜನಸಾಮಾನ್ಯರ ಇಂಧನದ ಮೇಲಿನ ತೆರಿಗೆ ರದ್ದಾಯಿತು. ದೊಡ್ಡ ಕಾರ್ಖಾನೆಗಳ ಮೇಲಿನದು ಮಾತ್ರ ಮುಂದುವರಿಯಿತು.