ಸ್ಪೈಡರ್-ಮ್ಯಾನ್ 2 ಗೇಮನ್ನ ಎಲ್ರೂ ಹೊಗಳ್ತಾರೆ, ನಂಗ್ಯಾಕೆ ಬೋರ್ ಹೊಡೀತಿದೆ?

ಪ್ರಶ್ನೆ: ಸಿನಿಮಾ ಜೊತೆ ಬಂದ 2004ರ ಸ್ಪೈಡರ್-ಮ್ಯಾನ್ 2 ಗೇಮಲ್ಲಿ ಬಲೆ ಹಿಡ್ಕೊಂಡು ಜೀಕೋದೇ ಸ್ವರ್ಗ ಅಂತ ಎಲ್ರೂ ಹೇಳ್ತಾರೆ. ನಾನು ಪಿಸಿಲಿ ಹಾಕಿ ನೋಡ್ದೆ, ಗಾಳೀಲಿ ಕಾಣೋ ಗುರುತಿನ ಮೇಲೆ ಮೌಸ್ ಕ್ಲಿಕ್ ಮಾಡೋದು ಬಿಟ್ರೆ ಏನೂ ಇಲ್ಲ. ನಂಗೇ ಆಡೋಕೆ ಬರ್ತಿಲ್ವಾ?

ಉತ್ತರ: ನಿಮ್ಮ ತಪ್ಪೇನಿಲ್ಲ. ಅವ್ರು ಹೊಗಳ್ತಿರೋ ಗೇಮೇ ಬೇರೆ, ನೀವು ಆಡಿರೋದೇ ಬೇರೆ. ಹೆಸರು ಒಂದೇ, ಡಬ್ಬದ ಮೇಲಿರೋ ಹೀರೋನೂ ಒಬ್ಬನೇ, ಒಳಗಡೆ ಇರೋ ಸರಕು ಮಾತ್ರ ಅಜಗಜಾಂತರ. ಪಿಎಸ್2, ಎಕ್ಸ್‌ಬಾಕ್ಸ್, ಗೇಮ್‌ಕ್ಯೂಬ್ ಈ ಮೂರು ಕನ್ಸೋಲ್‌ಗೆ (ಅಂದ್ರೆ ಟಿವಿಗೆ ಜೋಡಿಸಿ ಆಡೋ ಗೇಮ್ ಯಂತ್ರ) ಗೇಮ್ ಮಾಡಿದ್ದು ಟ್ರೇಆರ್ಕ್ ಅನ್ನೋ ಸ್ಟುಡಿಯೋ. ಪಿಸಿಗೆ ಮಾಡಿದ್ದು ಫಿಜ್ ಫ್ಯಾಕ್ಟರ್ ಅನ್ನೋ ಇನ್ನೊಂದು ಸ್ಟುಡಿಯೋ, ಅದೂ ಚಿಕ್ಕ ಮಕ್ಕಳಿಗೆ ಆಗೋ ಹಾಗೆ ಎಲ್ಲಾನೂ ಸಲೀಸು ಮಾಡಿ. ಎರಡನ್ನೂ ಮಾರಿದ್ದು ಆಕ್ಟಿವಿಷನ್, ಹಾಗಾಗಿ ಹೊರಗಿಂದ ನೋಡಿದವ್ರಿಗೆ ಗೊತ್ತಾಗೋದಾದ್ರೂ ಹೇಗೆ. ಕೈಲಿ ಹಿಡ್ಕೊಂಡು ಆಡೋ ಪಿಎಸ್‌ಪಿಗೆ ಬಂದಿದ್ದು, ಡಿಎಸ್‌ಗೆ ಬಂದಿದ್ದು ಕೂಡ ಬೇರೇನೇ.

ನಾನೂ ಇದೇ ಹಳ್ಳಕ್ಕೆ ಬಿದ್ದವ್ನು. ಪಿಸಿ ಸಿಡಿ ತಂದು ಹಾಕಿ, ಗುರುತು ಕಂಡಲ್ಲೆಲ್ಲ ಕ್ಲಿಕ್ ಮಾಡಿ, ಆ ಗುರುತು ಇಲ್ಲದ ಕಡೆ ಹೋಗೋಕೇ ಆಗಲ್ಲ ಅಂತ ಗೊತ್ತಾದ್ಮೇಲೆ ಇದನ್ನ ಹೊಗಳೋರಿಗೆಲ್ಲ ತಲೆ ಕೆಟ್ಟಿದೆ ಅಂತ ತೀರ್ಮಾನ ಮಾಡಿ ಸಿಡಿ ಎತ್ತಿಟ್ಟುಬಿಟ್ಟಿದ್ದೆ. ಆಮೇಲೆ ಒಂದಿನ ದೊಡ್ಡಮ್ಮನ ಮಗನ ಪಿಎಸ್2ನಲ್ಲಿ ಅದೇ ಹೆಸರಿನ ಗೇಮ್ ಓಡ್ತಿತ್ತು, ಅಣ್ಣ ಕಂಟ್ರೋಲರ್ ಕೈಗೆ ಕೊಟ್ಟ, ನಾನು ಬಟನ್ ಒತ್ತಿದೆ, ಬಲೆ ಹೋಗಿ ಪಕ್ಕದ ಬಿಲ್ಡಿಂಗಿಗೆ ಅಂಟ್ಕೊಳ್ತು, ಹಿಡ್ಕೊಂಡೇ ಇದ್ದೆ, ಹೋಗಿ ಆ ಗೋಡೆಗೇ ಡಿಕ್ಕಿ. ಮತ್ತೆ ಒತ್ತಿದೆ, ಈ ಸಲ ಬೇಗ ಬಿಟ್ಟೆ, ಕಾರಿನ ಮೇಲೆ ಬಿದ್ದೆ. ಅಣ್ಣ ನಗ್ತಾನೇ ಇದ್ದ. ಆದ್ರೆ ನಂಗೆ ಆವಾಗ್ಲೇ ಗೊತ್ತಾಯ್ತು, ಈ ಗೇಮಲ್ಲಿ ಬೀಳೋದಕ್ಕೂ ಒಂದು ಕಾರಣ ಇದೆ ಅಂತ.

ಆ ಕಾರಣ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಡೀ ಗೇಮಿನ ಜೀವ ಇರೋದೇ ಅಲ್ಲಿ. ಇದೇ ಟ್ರೇಆರ್ಕ್ 2002ರ ಮೊದಲ ಸಿನಿಮಾಕ್ಕೂ ಗೇಮ್ ಮಾಡಿತ್ತು, ಅದ್ರಲ್ಲಿ ಬಲೆ ಎಲ್ಲಿಗೆ ಅಂಟ್ಕೊಂಡಿದೆ ಅಂತ ಕ್ಯಾಮೆರಾ ಮೇಲೆತ್ತಿ ನೋಡಿದ್ರೆ ಅಲ್ಲಿ ಏನೂ ಇಲ್ಲ, ಬರೀ ಆಕಾಶ! ಅಂದ್ರೆ ಅದು ಜೀಕೋದಲ್ಲ, ಜೀಕೋ ಥರ ಕಾಣೋ ಹಾರಾಟ ಅಷ್ಟೇ. ಟ್ರೇಆರ್ಕ್‌ನಲ್ಲಿದ್ದ ಜೇಮಿ ಫ್ರಿಸ್ಟ್ರಮ್ ಅನ್ನೋರಿಗೆ ಬಲೆ ನಿಜವಾದ ಗೋಡೆಗೇ ಅಂಟ್ಕೋಬೇಕು ಅನ್ನೋ ಹಠ. ಎರಡನೇ ಗೇಮಲ್ಲಿ ಅದು ಆಯ್ತು. ನೀವು ಬಟನ್ ಒತ್ತಿದ ತಕ್ಷಣ ಹತ್ರದಲ್ಲಿ ಯಾವ ಬಿಲ್ಡಿಂಗ್ ಸಿಗುತ್ತೆ ಅಂತ ಗೇಮ್ ಹುಡುಕುತ್ತೆ, ಒಂದು ಜಾಗಕ್ಕೆ ಬಲೆಯ ತುದಿ ಕಟ್ಟುತ್ತೆ, ಅಲ್ಲಿಂದ ಮುಂದಕ್ಕೆ ನೀವು ಹಗ್ಗಕ್ಕೆ ಕಟ್ಟಿದ ಕಲ್ಲಿದ್ದ ಹಾಗೆ, ಭೂಮಿ ಎಳೆಯುತ್ತೆ, ಹಗ್ಗ ತಡೆಯುತ್ತೆ, ನೀವು ತೂಗ್ತೀರ.

ಉಯ್ಯಾಲೆ ಆಡಿದವ್ರಿಗೆ ಇದು ಹೇಳ್ಕೊಡಬೇಕಾಗಿಲ್ಲ. ತೀರಾ ಕೆಳಗೆ ಬಂದಾಗ ವೇಗ ಜಾಸ್ತಿ, ಆದ್ರೆ ಆ ವೇಗ ಪೂರ್ತಿ ಮುಂದಕ್ಕೆ ಇರುತ್ತೆ, ಅಲ್ಲಿ ಬಲೆ ಬಿಟ್ರೆ ರಸ್ತೆಗೆ ಸಮವಾಗಿ ಸುಯ್ ಅಂತ ಹೋಗಿ ಆಮೇಲೆ ಕೆಳಗಿಳೀತೀರ. ತೀರಾ ಮೇಲೆ ಹೋಗಿ ನಿಂತಾಗ ಬಿಟ್ರೆ ವೇಗ ಸೊನ್ನೆ, ನೆಟ್ಟಗೆ ಕೆಳಗೆ. ಕೆಳಗಿಂದ ಮೇಲೆ ಏಳ್ತಾ ಅರ್ಧ ದಾರಿ ಆಯ್ತು ಅನ್ನೋವಾಗ ಬಿಡಬೇಕು, ಆಗ ಎತ್ತರಾನೂ ಸಿಗುತ್ತೆ ದೂರಾನೂ ಸಿಗುತ್ತೆ. ಮುಂದಿನ ಬಲೆನ ಬಿಟ್ಟ ತಕ್ಷಣ ಎಸೀಬೇಡಿ, ಸ್ವಲ್ಪ ಬೀಳೋಕೆ ಬಿಡಿ, ಬಿದ್ದಷ್ಟೂ ವೇಗ ಕೂಡುತ್ತೆ, ಹೊಸಬ್ರೆಲ್ಲ ತಪ್ಪೋದು ಇಲ್ಲೇ, ಬೀಳ್ತಿದೀನಿ ಅಂತ ಗಾಬರಿಯಾಗಿ ಬಟನ್ ಕುಟ್ಟಿ ಕುಟ್ಟಿ ವೇಗ ಎಲ್ಲಾ ಕಳ್ಕೊಂಡು ಗೋಡೆಗೆ ಹಲ್ಲಿ ಥರ ಅಂಟ್ಕೊಂಡ್ಬಿಡ್ತಾರೆ. ತಿರುವಲ್ಲಿ ಮೂಲೆ ಬಿಲ್ಡಿಂಗಿಗೆ ಬಲೆ ಬಿತ್ತು ಅಂದ್ರೆ ಹಗ್ಗಾನೇ ನಿಮ್ಮನ್ನ ತಿರುಗಿಸಿ ಪಕ್ಕದ ರಸ್ತೆಗೆ ಎಸೆಯುತ್ತೆ, ಅದು ಮೊದಲ ಸಲ ಸರಿಯಾಗಿ ಆದಾಗ ಕೂತಲ್ಲೇ ಮೈ ವಾಲುತ್ತೆ ನೋಡಿ. ಇನ್ನು ಸೆಂಟ್ರಲ್ ಪಾರ್ಕ್ ಕಡೆ ಹೋದ್ರೆ ಎತ್ತರದ ಬಿಲ್ಡಿಂಗ್ ಇರಲ್ಲ, ಆಟ ಅಲ್ಲಿಗೆ ಮುಗೀತು, ಇಳಿದು ಓಡಿ.

ಈಗ ಪಿಸಿ ಆವೃತ್ತಿ ಯಾಕೆ ಸಪ್ಪೆ ಅಂತ ನಿಮಗೇ ಹೊಳೆದಿರುತ್ತೆ. ಎಲ್ಲಿ ಬಲೆ ಹಾಕ್ಬೇಕು ಅಂತ ಗೇಮೇ ಮೊದ್ಲೇ ಗುರುತು ಇಟ್ಟು ಕೊಟ್ರೆ ನೀವು ಮಾಡೋಕೆ ಏನು ಉಳೀತು? ಯಾವಾಗ ಹಿಡೀಬೇಕು ಯಾವಾಗ ಬಿಡಬೇಕು ಅನ್ನೋ ಲೆಕ್ಕಾಚಾರ ಹೋದ್ರೆ ಜೀಕೋದ್ರ ಮಜಾನೂ ಹೋಯ್ತು.

ಹಾಗಂತ ಕನ್ಸೋಲ್ ಗೇಮ್ ಅಪ್ಪಟ ಚಿನ್ನ ಅಂತ ನಾನು ಹೇಳ್ತಿಲ್ಲ, ಹೊಗಳೋರು ಈ ಭಾಗಾನ ನುಂಗ್ಕೊಂಡ್ಬಿಡ್ತಾರೆ. ಕಥೆ ಮುಂದೆ ಹೋಗ್ಬೇಕಾದ್ರೆ ಹೀರೋ ಪಾಯಿಂಟ್ಸ್ ಕೂಡಿಸ್ಬೇಕು, ಅದಕ್ಕೆ ಊರೆಲ್ಲ ಸುತ್ತಿ ಅದೇ ಅದೇ ಕೆಲಸ. ಮಗು ಕೈಯಿಂದ ಬಲೂನ್ ಹಾರಿಹೋಯ್ತು, ಹಿಡ್ಕೊಡಿ. ಕಳ್ಳರು ಕಾರಲ್ಲಿ ಓಡ್ತಿದ್ದಾರೆ, ನಿಲ್ಸಿ. ಪೀಟರ್ ಪಿಜ್ಜಾ ಡೆಲಿವರಿ ಮಾಡ್ಬೇಕು, ಟೈಮ್ ಒಳಗೆ ತಲುಪಿಸಿ, ಹಿಂದೆ ಒಂದು ಇಟಾಲಿಯನ್ ಟ್ಯೂನು ಬಾರಿಸ್ತಾನೇ ಇರುತ್ತೆ, ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ. ಬಲೂನ್ ಹಿಡಿದಿದ್ದು ಇಪ್ಪತ್ತನೇ ಸಲ ಆದ್ಮೇಲೆ ಯಾರಿಗಾದ್ರೂ ಸಾಕಾಗುತ್ತೆ. ಸಿನಿಮಾ ಅಮೆರಿಕಾದಲ್ಲಿ 2004ರ ಜೂನ್ 30ಕ್ಕೆ, ಗೇಮ್ ಅದಕ್ಕಿಂತ ಎರಡು ದಿನ ಮುಂಚೆ. ಸಿನಿಮಾ ತಾರೀಖು ಗೇಮ್ ಮಾಡೋರ ಕೈಲಿರಲ್ಲ, ಹಾಗಿದ್ದಾಗ ಜೀಕೋದಕ್ಕೆ ಅಷ್ಟು ತಲೆ ಕೆಡಿಸ್ಕೊಂಡವ್ರು ಮಿಕ್ಕಿದ್ದನ್ನ ಬಲೂನ್ ಹಾಕಿ ತುಂಬಿಸಿದ್ರು ಅಂತ ನಂಗನ್ಸುತ್ತೆ.

ನಗೋಕೂ ಜಾಗ ಇದೆ ಬಿಡಿ. ಒಂದು ಅಂಗಡೀಲಿ ಮಿಸ್ಟೀರಿಯೋ ಅನ್ನೋ ವಿಲನ್ ಎದುರಾಗ್ತಾನೆ, ಅವನ ಹೆಲ್ತ್ ಬಾರ್ (ಎಷ್ಟು ಶಕ್ತಿ ಇದೆ ಅಂತ ತೋರ್ಸೋ ಪಟ್ಟಿ) ತುಂಬುತ್ತೆ, ತುಂಬಿದ ಮೇಲೆ ಇನ್ನೊಂದು ಸಲ, ಮತ್ತೂ ಒಂದು ಸಲ, ಅಯ್ಯೋ ಇವನ್ನ ಹೊಡೆಯೋದ್ರಲ್ಲಿ ಬೆಳಗಾಗುತ್ತೆ ಅಂತ ಗಟ್ಟಿ ಕೂತ್ಕೊಂಡು ಒಂದೇ ಒಂದು ಗುದ್ದು ಹಾಕಿದ್ರೆ ಮಲಗಿಬಿಡ್ತಾನೆ!

ಈಗ ಆಡ್ಬೇಕು ಅಂದ್ರೆ ಹೇಗೆ? 2004ರದ್ದು ಡಿಜಿಟಲ್ ಅಂಗಡೀಲಿ ಸಿಗಲ್ಲ, ಹಳೇ ಕನ್ಸೋಲ್ ಮತ್ತು ಸೆಕೆಂಡ್ ಹ್ಯಾಂಡ್ ಡಿಸ್ಕ್ ಸಿಕ್ಕಿದ್ರೆ ನಿಮ್ಮ ಪುಣ್ಯ, ತಗೊಳೋವಾಗ ಅದು ಪಿಎಸ್2, ಎಕ್ಸ್‌ಬಾಕ್ಸ್ ಇಲ್ಲಾ ಗೇಮ್‌ಕ್ಯೂಬ್ ಡಿಸ್ಕೇನಾ ಅಂತ ನೋಡ್ಕೊಳಿ. 2001ರಲ್ಲಿ ಪಿಎಸ್1ಗೆ ಬಂದಿದ್ದ ಇನ್ನೊಂದು ಸ್ಪೈಡರ್-ಮ್ಯಾನ್ 2 ಕೂಡ ಇದೆ, ಎಲೆಕ್ಟ್ರೋ ವಿಲನ್ ಆಗಿರೋದು, ಸಿನಿಮಾಕ್ಕೂ ಅದಕ್ಕೂ ಸಂಬಂಧ ಇಲ್ಲ, ಮೋಸ ಹೋಗ್ಬೇಡಿ.

ಪಿಸಿನೇ ಆಗ್ಬೇಕು ಅಂದ್ರೆ ಇನ್ಸಾಮ್ನಿಯಾಕ್ ಅನ್ನೋ ಸ್ಟುಡಿಯೋದವ್ರ ಸ್ಪೈಡರ್-ಮ್ಯಾನ್ 2 ನೋಡಿ (ಹೌದು, ಮತ್ತೆ ಅದೇ ಹೆಸರು, ನಾನೇನು ಮಾಡ್ಲಿ). 2023ರಲ್ಲಿ ಪಿಎಸ್5ಗೆ ಬಂತು, 2025ರ ಜನವರಿಯಲ್ಲಿ ಪಿಸಿಗೂ ಬಂತು, ಇದು ಯಾವ ಸಿನಿಮಾದ ಗೇಮೂ ಅಲ್ಲ. ಸುಮ್ನೆ ಹಾಗೇ ಆಡಿದ್ರೆ ಜೀಕೋದು ಬೆಣ್ಣೆ ಥರ, ಗೇಮೇ ಕೈ ಹಿಡ್ಕೊಂಡು ಕರ್ಕೊಂಡು ಹೋಗುತ್ತೆ. ಆದ್ರೆ ಸೆಟ್ಟಿಂಗ್ಸ್ ಒಳಗೆ ಸ್ವಿಂಗ್ ಸ್ಟೀರಿಂಗ್ ಅಸಿಸ್ಟೆನ್ಸ್ (ಜೀಕೋವಾಗ ಗೇಮ್ ಎಷ್ಟು ಸಹಾಯ ಮಾಡ್ಬೇಕು ಅನ್ನೋದು) ಅಂತ ಸೊನ್ನೆಯಿಂದ 10ರವರೆಗೆ ಒಂದು ಸ್ಲೈಡರ್ ಇದೆ, ಮೊದಲೇ 10ರಲ್ಲಿ ಇರುತ್ತೆ, ಅದನ್ನ ಕೆಳಗೆ ಇಳಿಸಿದಷ್ಟೂ ಹಳೇ ಗೇಮಿನ ತೂಕ ಕೈಗೆ ಸಿಗೋಕೆ ಶುರುವಾಗುತ್ತೆ. ಬಿದ್ರೆ ಪೆಟ್ಟಾಗೋ ಆಪ್ಷನ್ನೂ ಇದೆ, ಅದನ್ನ ಮಾತ್ರ ಆಮೇಲೆ ಆನ್ ಮಾಡಿ. ಮೊದ್ಲು 5ಕ್ಕೆ ಇಟ್ಟು ಒಂದೆರಡು ಗಂಟೆ ಓಡಾಡಿ, ಬಿಡೋ ಟೈಮಿಂಗ್ ಕೈಗೆ ಕೂತಿದೆ ಅನ್ಸಿದ ಮೇಲೆ ಸೊನ್ನೆಗೆ ಇಳಿಸಿ.