‘ಮೊದಲು ದುಡ್ಡು, ಆಮೇಲೆ ಪರಿಸರ’ ಎನ್ನುವವರಿಗೆ

ಪ್ರಶ್ನೆ: ಅಭಿವೃದ್ಧಿಯ ಹಾದಿಯಲ್ಲಿ ಗಾಳಿ, ನೀರು ಒಂದಷ್ಟು ಕೆಡುವುದು ಸಹಜ. ಶ್ರೀಮಂತ ದೇಶಗಳೂ ಮೊದಲು ಕೆಡಿಸಿ ಆಮೇಲೆ ಸರಿಮಾಡಿಕೊಂಡವಲ್ಲವೇ? ಜನರ ಆದಾಯ ಒಂದು ಮಟ್ಟ ಮುಟ್ಟಿದರೆ ಪರಿಸರ ತಾನಾಗಿಯೇ ಸುಧಾರಿಸುತ್ತದೆ ಎಂದು ಅರ್ಥಶಾಸ್ತ್ರವೇ ಹೇಳುತ್ತದಂತೆ. ನಿಜವೇ?

ಉತ್ತರ: ಈ ಪ್ರಶ್ನೆ ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ. ಕೆಲವರು ವಿನಯದಿಂದ ಕೇಳುತ್ತಾರೆ, ಕೆಲವರು ಪರಿಸರದ ಮಾತಾಡುವವರ ಬಾಯಿ ಮುಚ್ಚಿಸುವ ಹುಮ್ಮಸ್ಸಿನಲ್ಲಿ ಕೇಳುತ್ತಾರೆ. ಕಾರ್ಖಾನೆ, ರಸ್ತೆ, ವಿದ್ಯುತ್ ಇಲ್ಲದೆ ಬಡತನ ನೀಗುವುದಿಲ್ಲ ಎಂಬುದರಲ್ಲಿ ನನಗೆ ತಕರಾರಿಲ್ಲ. ಜಗಳವೆಲ್ಲ ಆ ‘ತಾನಾಗಿಯೇ’ ಜೊತೆಗೆ.

ಮೊದಲು ಈ ನಂಬಿಕೆಯ ಜಾತಕ ನೋಡೋಣ. ಸೈಮನ್ ಕುಜ್ನೆಟ್ಸ್ ಎಂಬ ಅರ್ಥಶಾಸ್ತ್ರಜ್ಞ 1955ರಲ್ಲಿ ಒಂದು ಊಹೆ ಮುಂದಿಟ್ಟರು: ದೇಶ ಬೆಳೆಯುವಾಗ ಆದಾಯದ ಅಸಮಾನತೆ ಮೊದಲು ಏರುತ್ತದೆ, ನಂತರ ಇಳಿಯುತ್ತದೆ. ಅದರಲ್ಲಿ ಹೊಗೆ, ಹೊಳೆಗಳ ಪ್ರಸ್ತಾಪವೇ ಇರಲಿಲ್ಲ. 1991ರಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಅಲನ್ ಕ್ರೂಗರ್, ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದದ ಪರಿಣಾಮ ಏನಾದೀತು ಎಂದು ನೋಡುತ್ತ, ಹಲವು ದೇಶಗಳ ನಗರಗಳ ಸಲ್ಫರ್ ಡೈಆಕ್ಸೈಡ್ ಮತ್ತು ಹೊಗೆಯ ಅಂಕಿಗಳನ್ನು ಆದಾಯದ ಪಕ್ಕದಲ್ಲಿಟ್ಟರು. ಅಲ್ಲೂ ಮೊದಲು ಏರಿ ಆಮೇಲೆ ಇಳಿಯುವ, ಗುಡ್ಡದ ಆಕಾರದ ರೇಖೆ ಕಂಡಿತು. ಮರುವರ್ಷ ವಿಶ್ವಬ್ಯಾಂಕಿನ ‘ವಿಶ್ವ ಅಭಿವೃದ್ಧಿ ವರದಿ’ ಅದನ್ನು ಎತ್ತಿಕೊಂಡಿತು. ರೇಖೆಗೆ ಕುಜ್ನೆಟ್ಸ್ ಹೆಸರೂ ಅಂಟಿತು. ಪಾಪ, ಅವರು 1985ರಲ್ಲೇ ತೀರಿಕೊಂಡಿದ್ದರು. ತಮ್ಮ ಹೆಸರಿನಲ್ಲಿ ಏನೇನು ನಡೆಯಿತೆಂದು ಅವರಿಗೆ ಗೊತ್ತಾಗಲೇ ಇಲ್ಲ.

ಗ್ರಾಸ್‌ಮನ್ ಮತ್ತು ಕ್ರೂಗರ್ 1995ರ ಲೇಖನದಲ್ಲಿ, ಈ ಇಳಿಕೆ ತನ್ನಷ್ಟಕ್ಕೆ ಆಗುವಂಥದ್ದೆಂದು ನಂಬಲು ಕಾರಣವಿಲ್ಲ ಎಂದು ತಾವೇ ಎಚ್ಚರಿಸಿದ್ದರು. ಆದಾಯ ಹೆಚ್ಚಿದಂತೆ ಜನ ಕಟ್ಟುನಿಟ್ಟಿನ ಕಾನೂನು ಕೇಳುತ್ತಾರೆ, ಕಾನೂನು ಬಂದ ಮೇಲೆ ಮಾಲಿನ್ಯ ಇಳಿಯುತ್ತದೆ ಎಂಬುದು ಅವರ ವಿವರಣೆ. ಆ ಭಾಗವನ್ನು ಓದುವವರು ಕಡಿಮೆ. ಚಿತ್ರ ನೋಡಿ ಎದ್ದು ಹೋಗುವವರೇ ಹೆಚ್ಚು.

ಚಿತ್ರ ಬಿಟ್ಟು ಚರಿತ್ರೆಗೆ ಬನ್ನಿ. 1952ರ ಡಿಸೆಂಬರಿನಲ್ಲಿ ಲಂಡನ್ ಐದು ದಿನ ಕಲ್ಲಿದ್ದಲಿನ ಹೊಗೆಮಂಜಿನಲ್ಲಿ ಮುಳುಗಿತು. ಆಗಿನ ಅಂದಾಜಿನಲ್ಲೇ ಸತ್ತವರು ಸುಮಾರು 4,000. ಈಚಿನ ಸಂಶೋಧಕರು 12,000ದವರೆಗೂ ಲೆಕ್ಕ ಹಾಕಿದ್ದಾರೆ. ಬ್ರಿಟನ್ ಆಗ ಬಡ ದೇಶವಾಗಿತ್ತೇ? ಕೈಗಾರಿಕಾ ಕ್ರಾಂತಿಯ ತವರು, ಜಗತ್ತಿನ ಶ್ರೀಮಂತ ದೇಶಗಳ ಸಾಲಿನಲ್ಲಿ ಮುಂದಿದ್ದ ದೇಶ. ಆದಾಯ ಏರಿದರೆ ಸಾಕಿದ್ದಿದ್ದರೆ ಆ ಹೊಗೆ ಎಂದೋ ಕರಗಬೇಕಿತ್ತು. ದುರಂತದ ನಂತರವೂ ಸರ್ಕಾರ ಮೀನಮೇಷ ಎಣಿಸಿತು. ಮುಂದಿನ ತಿಂಗಳುಗಳ ಸಾವುಗಳನ್ನು ಇನ್‌ಫ್ಲುಯೆಂಜಾ ಖಾತೆಗೆ ಬರೆಯಿತು. ಸಮಿತಿ ಕೂತು, ಸಂಸದರೊಬ್ಬರು ಖಾಸಗಿ ಮಸೂದೆ ತಂದು ಒತ್ತಡ ಹಾಕಿದ ಮೇಲೆ 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಹೊಗೆ ನಿಷೇಧಿತ ವಲಯಗಳಾದವು, ಮನೆಯ ಒಲೆ ಬದಲಿಸಲು ಸಹಾಯಧನ ಸಿಕ್ಕಿತು. ಗಾಳಿ ತಿಳಿಯಾದದ್ದರ ಹಿಂದೆ ಇಷ್ಟೆಲ್ಲ ಇದೆ. ಇದರಲ್ಲಿ ‘ತಾನಾಗಿಯೇ’ ಆದದ್ದು ಯಾವುದು, ತೋರಿಸಿ.

ಹಾಗಾದರೆ ರೇಖೆ ಸುಳ್ಳೇ? ಪೂರ್ತಿ ಅಲ್ಲ. ಕಣ್ಣಿಗೆ ಕಾಣುವ, ಅಲ್ಲೇ ಉಸಿರಾಡುವವರನ್ನು ಕಾಡುವ, ಇಂಥವರದೇ ಕೆಲಸ ಎಂದು ಬೊಟ್ಟುಮಾಡಬಹುದಾದ ಮಾಲಿನ್ಯಕ್ಕೆ ಅದು ಒಂದಿಷ್ಟು ಹೊಂದುತ್ತದೆ. ಆದರೆ ಮನೆಗಳಿಂದ ಹೊರಬೀಳುವ ಕಸ ಆದಾಯದ ಜೊತೆ ಏರುತ್ತಲೇ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಬೀಳುವುದು ಒಂದು ಕಡೆ, ಅದರ ಪೆಟ್ಟು ತಿನ್ನುವುದು ಇನ್ನೊಂದು ಕಡೆ, ಅದೂ ದಶಕಗಳ ನಂತರ. ಹಾಗಾಗಿ ಅದಕ್ಕೆ ಆ ಗುಡ್ಡ ಸುಲಭವಾಗಿ ಒಗ್ಗುವುದಿಲ್ಲ. ಇನ್ನು ಕೆಲವು ಇಳಿಕೆಗಳು ಬರೀ ಸ್ಥಳಾಂತರ. ನಮ್ಮಂಗಳ ಗುಡಿಸಿ ಕಸವನ್ನು ಪಕ್ಕದ ಮನೆಯ ಬೇಲಿಯಾಚೆ ಎಸೆದ ಹಾಗೆ. ಅಪಾಯಕಾರಿ ತ್ಯಾಜ್ಯ ಶ್ರೀಮಂತ ದೇಶಗಳಿಂದ ಬಡ ದೇಶಗಳಿಗೆ ಹೋಗುವುದನ್ನು ತಡೆಯಲೆಂದೇ 1989ರಲ್ಲಿ ಬಾಸೆಲ್ ಒಪ್ಪಂದ ಆಗಬೇಕಾಯಿತು. 2018ರಲ್ಲಿ ಚೀನಾ ಪ್ಲಾಸ್ಟಿಕ್ ತ್ಯಾಜ್ಯದ ಆಮದಿಗೆ ಬಾಗಿಲು ಹಾಕಿದಾಗ ಆ ಹಡಗುಗಳು ಮಲೇಷ್ಯಾ, ವಿಯೆಟ್ನಾಂ, ಥಾಯ್ಲೆಂಡ್ ಕಡೆ ತಿರುಗಿದವು.

ಶ್ರೀಮಂತರಾಗುವವರೆಗೆ ಕಾಯಲೇಬೇಕೆಂದೂ ಇಲ್ಲ. ಮಧ್ಯ ಅಮೆರಿಕದ ಕೋಸ್ಟರಿಕಾ ತೊಂಬತ್ತರ ದಶಕದಲ್ಲಿ ಶ್ರೀಮಂತ ದೇಶಗಳ ಪಟ್ಟಿಗೆ ಸೇರಿರಲಿಲ್ಲ. ಆದರೂ 1996ರ ಅರಣ್ಯ ಕಾನೂನಿನ ಮೂಲಕ, ಇಂಧನ ತೆರಿಗೆಯ ಒಂದು ಪಾಲನ್ನು ಕಾಡು ಉಳಿಸಿದ ಭೂಮಾಲೀಕರಿಗೆ ಕೊಡುವ ವ್ಯವಸ್ಥೆ ಮಾಡಿಕೊಂಡಿತು. ಅಲ್ಲಿ ಕಳೆದುಹೋಗಿದ್ದ ಕಾಡಿನಲ್ಲಿ ಬಹುಪಾಲು ಮರಳಿದೆ.

ಇಲ್ಲಿಗೆ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ಇದರ ಬೆನ್ನಿಗೇ ಕೇಳಬೇಕಾದ, ಯಾಕೋ ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ. ಜನ ಕಾನೂನು ಕೇಳಿದ್ದರಿಂದ ಸುಧಾರಣೆ ಆಗುವುದಾದರೆ, ಕೆಲವು ಊರುಗಳ ಜನ ದಶಕಗಳ ಕಾಲ ಕೇಳದೆ ಇರುವುದೇಕೆ?

ಜಪಾನಿನ ಮಿನಮಾಟ ನೋಡಿ. ಚಿಸ್ಸೊ ಕಂಪನಿಯ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನಿಗೆ ಸೇರಿ, ಮೀನು ತಿಂದವರ ನರಮಂಡಲ ಕೆಡಿಸಿತು. ಕಾಯಿಲೆ ಅಧಿಕೃತವಾಗಿ ಪತ್ತೆಯಾದದ್ದು 1956ರಲ್ಲಿ. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ತಂಡ ಪಾದರಸದತ್ತ ಬೆರಳು ತೋರಿತು. ಅದೇ ವರ್ಷ ನವೆಂಬರಿನಲ್ಲಿ ಊರಿನ ಮೇಯರ್, ವರ್ತಕರು, ಕಾರ್ಮಿಕ ಸಂಘದವರು ಒಟ್ಟಾಗಿ ಪ್ರಾಂತ್ಯದ ಗವರ್ನರ್ ಬಳಿ ಹೋದರು. ಅವರ ಬೇಡಿಕೆ ಏನು ಗೊತ್ತೇ? ಕಾರ್ಖಾನೆಯ ಕೊಳಚೆ ನೀರನ್ನು ನಿಲ್ಲಿಸಬೇಡಿ ಎಂದು! ಕಾರ್ಖಾನೆ ನಿಂತರೆ ಸಂಬಳ ನಿಲ್ಲುತ್ತದೆ, ಅಂಗಡಿ ನಿಲ್ಲುತ್ತದೆ, ಪುರಸಭೆಯ ತೆರಿಗೆ ನಿಲ್ಲುತ್ತದೆ. ಕಾಯಿಲೆ ಬಿದ್ದ ಬೆಸ್ತರು ಊರಿಗೇ ಶತ್ರುಗಳಾದರು. ಡಿಸೆಂಬರಿನಲ್ಲಿ ಕಂಪನಿ ಶುದ್ಧೀಕರಣ ಯಂತ್ರ ಕೂರಿಸಿ, ಕಂಪನಿಯ ಅಧ್ಯಕ್ಷರು ಯಂತ್ರದಲ್ಲಿ ಶುದ್ಧವಾದದ್ದೆಂದು ಹೇಳಿದ ನೀರನ್ನು ಎಲ್ಲರೆದುರು ಕುಡಿದು ತೋರಿಸಿದರು. ಆ ಯಂತ್ರಕ್ಕೆ ಕಾಯಿಲೆ ತಂದ ಸಾವಯವ ಪಾದರಸ (ಇಂಗಾಲದೊಂದಿಗೆ ಕೂಡಿದ ಪಾದರಸ) ತೆಗೆಯುವ ಶಕ್ತಿಯೇ ಇರಲಿಲ್ಲ. ವರ್ಷದ ಕೊನೆಗೆ ರೋಗಿಗಳಿಗೆ ‘ಸಾಂತ್ವನದ ಹಣ’ ಕೊಟ್ಟು, ಮುಂದೆ ತಪ್ಪು ಕಂಪನಿಯದೆಂದು ಸಾಬೀತಾದರೂ ಹೆಚ್ಚು ಕೇಳುವಂತಿಲ್ಲ ಎಂದು ಸಹಿ ಹಾಕಿಸಿಕೊಂಡರು. ಸರ್ಕಾರ ಕಾರಣ ಒಪ್ಪಿದ್ದು 1968ರಲ್ಲಿ. ಅಷ್ಟರಲ್ಲಿ ಆ ಪಾದರಸದ ಪ್ರಕ್ರಿಯೆ ಹಳತಾಗಿ, ಕಂಪನಿ ಅದನ್ನು ಕೈಬಿಟ್ಟಿತ್ತು. ಜಪಾನಿನ ಆದಾಯ ಜಗತ್ತೇ ಬೆರಗಾಗುವ ವೇಗದಲ್ಲಿ ಏರಿದ್ದು ಇದೇ ವರ್ಷಗಳಲ್ಲಿ.

ಮೊದಲು ಕೋರ್ಟಿಗೆ ಹೋದವರು ಮಿನಮಾಟದವರಲ್ಲ. 1965ರಲ್ಲಿ ಜಪಾನಿನದೇ ನಿಗಾಟ ಪ್ರಾಂತ್ಯದ ಅಗಾನೊ ನದಿಯ ದಂಡೆಯಲ್ಲಿ ಅದೇ ಕಾಯಿಲೆ ಕಾಣಿಸಿತು. ಪಾದರಸ ಬಿಟ್ಟ ಕಾರ್ಖಾನೆ ಅಲ್ಲಿಂದ ಸುಮಾರು 60 ಕಿಲೋಮೀಟರ್ ಮೇಲ್ದಂಡೆಯಲ್ಲಿತ್ತು. ನದಿಯ ಕೆಳಗಿದ್ದ ರೋಗಿಗಳ ಅನ್ನ ಆ ಕಾರ್ಖಾನೆಯ ಕೈಯಲ್ಲಿರಲಿಲ್ಲ. ನೆರೆಯವರ ಮುನಿಸಿಗೂ ಅವರು ಅಷ್ಟು ಅಂಜಬೇಕಿರಲಿಲ್ಲ. 1967ರಲ್ಲೇ ದಾವೆ ಹೂಡಿದರು, 1971ರಲ್ಲಿ ಗೆದ್ದರು. ಮಿನಮಾಟದವರು ದಾವೆ ಹೂಡಲು 1969 ಬರಬೇಕಾಯಿತು, ಅದೂ ರೋಗಿಗಳಲ್ಲಿ ಒಂದು ಗುಂಪು ಮಾತ್ರ. 1973ರಲ್ಲಿ ಅವರೂ ಗೆದ್ದರು. ಆ ಹಳೆಯ ಸಾಂತ್ವನದ ಕರಾರಿಗೆ ಬೆಲೆಯಿಲ್ಲ ಎಂದು ನ್ಯಾಯಾಲಯ ಹೇಳಿತು.

ಹಾಗಾಗಿ ‘ಅಲ್ಲಿನ ಜನರೇ ಸುಮ್ಮನಿದ್ದಾರಲ್ಲ, ನಿಮಗೇನು?’ ಎಂದು ಮುಂದಿನ ಪತ್ರ ಬರೆಯಲು ಹೊರಟವರು, ಆ ಊರಿಗೆ ಸಂಬಳ ಕೊಡುತ್ತಿರುವವರು ಯಾರು ಎಂಬುದನ್ನೂ ವಿಚಾರಿಸಿ ಬರೆಯಿರಿ.